ಓದುಗರ ಪ್ರಶ್ನೆ: ಎಡ್ವರ್ಡ್ ಕಾಲದ ಲಂಡನ್ನಿನಲ್ಲಿ ಕ್ಷಯದ ಸಾವುಗಳು

ಏಳನೇ ಎಡ್ವರ್ಡ್ ದೊರೆಯಾಗಿದ್ದ 1901ರಿಂದ 1910ರವರೆಗಿನ ಬ್ರಿಟಿಷ್ ನಗರಗಳು, ಅಲ್ಲಿನ ಕ್ಷಯರೋಗ, ಅದಕ್ಕೆ ನಗರಾಡಳಿತಗಳು ಮಾಡಿದ ಏರ್ಪಾಡುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹಲವರು ಲಂಡನ್ನಿನ ಫಿನ್ಸ್‌ಬರಿ ಬರೋವನ್ನೇ (ತನ್ನದೇ ಸ್ಥಳೀಯ ಆಡಳಿತವಿದ್ದ ನಗರವಿಭಾಗ) ಕುರಿತು ಕೇಳಿದ್ದಾರೆ. ಕ್ಲರ್ಕನ್‌ವೆಲ್, ಸೇಂಟ್ ಲ್ಯೂಕ್ಸ್ ಮುಂತಾದ ಹಳೆಯ ಪ್ಯಾರಿಷ್‌ಗಳನ್ನು ಸೇರಿಸಿ 1900ರಲ್ಲಿ ಆದ ಬರೋ ಅದು. ಒಂದು ಚದರ ಮೈಲಿಗಿಂತ ಕಡಿಮೆ ಜಾಗ, 1901ರ ಜನಗಣತಿಯಲ್ಲಿ ಸುಮಾರು 1 ಲಕ್ಷ ಜನ. ಹಾಗಾಗಿ ಉದಾಹರಣೆಗಳಲ್ಲಿ ಅದರ ಹೆಸರು ಆಗಾಗ ಬರುತ್ತದೆ.

ಪ್ರಶ್ನೆ: ಎರಡು ಬರೋಗಳ ಆರೋಗ್ಯಾಧಿಕಾರಿಗಳ ವಾರ್ಷಿಕ ವರದಿಗಳನ್ನು ಎದುರುಬದುರು ಇಟ್ಟುಕೊಂಡಿದ್ದೇನೆ. ಒಂದರಲ್ಲಿ ಶ್ವಾಸಕೋಶದ ಕ್ಷಯದಿಂದ ಸತ್ತವರು ಸಾವಿರಕ್ಕೆ 2, ಪಕ್ಕದ್ದರಲ್ಲಿ ಸಾವಿರಕ್ಕೆ 1. ಮೊದಲನೆಯದರಲ್ಲಿ ರೋಗ ಎರಡರಷ್ಟಿತ್ತು ಎಂದು ನನ್ನ ಪ್ರಬಂಧದಲ್ಲಿ ಬರೆಯಬಹುದೇ? (ಇತಿಹಾಸದ ವಿದ್ಯಾರ್ಥಿನಿ)

ಉತ್ತರ: ಅಷ್ಟು ಅವಸರ ಬೇಡ. ಮೊದಲು ನೋಡಬೇಕಾದದ್ದು, ಸತ್ತವರನ್ನು ಯಾವ ಊರಿನ ಲೆಕ್ಕಕ್ಕೆ ಹಾಕಿದ್ದಾರೆ ಎಂಬುದು. ಕ್ಷಯದ ಬಡರೋಗಿ ಕೊನೆಯ ತಿಂಗಳುಗಳಲ್ಲಿ ಮನೆಯಲ್ಲಿ ಇರುತ್ತಿದ್ದದ್ದು ಕಡಿಮೆ. ವರ್ಕ್‌ಹೌಸಿನ (ನಿರ್ಗತಿಕರನ್ನು ಇರಿಸುತ್ತಿದ್ದ ಬಡಮನೆಯ) ಆಸ್ಪತ್ರೆ ಸೇರುತ್ತಿದ್ದ. ಕ್ಲರ್ಕನ್‌ವೆಲ್ಲಿನ ಬಡವರ ಹೊಣೆ ಹೊಲ್ಬರ್ನ್ ಯೂನಿಯನ್ನಿನದು (ಬಡವರ ಕಾಯಿದೆಯಡಿ ಹಲವು ಪ್ಯಾರಿಷ್‌ಗಳು ಸೇರಿ ಆದ ಸಂಸ್ಥೆ). ಆ ಯೂನಿಯನ್ನಿನ ಆಸ್ಪತ್ರೆಯೋ ದೂರದ ಆರ್ಚ್‌ವೇ ರಸ್ತೆಯಲ್ಲಿತ್ತು, ಅಂದರೆ ಇಸ್ಲಿಂಗ್ಟನ್ ಬರೋದಲ್ಲಿ. ಫಿನ್ಸ್‌ಬರಿಯ ಗಡಿಯಾರ ರಿಪೇರಿಯವನು ಅಲ್ಲಿ ಸತ್ತರೆ ಸಾವು ನೋಂದಣಿಯಾಗುವುದು ಇಸ್ಲಿಂಗ್ಟನ್ನಿನಲ್ಲಿ. ಅದಕ್ಕೇ ಒಳ್ಳೆಯ ವರದಿಗಳಲ್ಲಿ ಎರಡು ಅಂಕಣ ಇರುತ್ತವೆ: ಬರೋದೊಳಗೆ ನೋಂದಣಿಯಾದ ಸಾವುಗಳು ಒಂದರಲ್ಲಿ, ಹೊರಗಿನವರನ್ನು ಕಳೆದು, ಹೊರಗೆ ಹೋಗಿ ಸತ್ತ ತನ್ನವರನ್ನು ಕೂಡಿಸಿ ತಿದ್ದಿದ ಲೆಕ್ಕ ಇನ್ನೊಂದರಲ್ಲಿ. ನೀವು ಒಂದು ಬರೋದ ತಿದ್ದಿದ ಅಂಕಿಯನ್ನು ಇನ್ನೊಂದರ ತಿದ್ದದ ಅಂಕಿಯ ಪಕ್ಕ ಇಟ್ಟಿದ್ದರೆ ಹೋಲಿಕೆ ಅಲ್ಲಿಗೇ ಮುರಿಯಿತು. 50,000 ಜನರ ಒಂದು ಊರಿನಲ್ಲಿ 80 ಕ್ಷಯದ ಸಾವು ಎಂದಿಟ್ಟುಕೊಳ್ಳಿ. ಪ್ರಮಾಣ ಸಾವಿರಕ್ಕೆ 1.6. ಆ 80ರಲ್ಲಿ 30 ಜನ ಅಲ್ಲಿನ ಆಸ್ಪತ್ರೆಗೆ ಬೇರೆ ಕಡೆಯಿಂದ ಬಂದವರು ಎಂದಾದರೆ ಅದು ಒಮ್ಮೆಗೇ 1ಕ್ಕೆ ಇಳಿಯುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್ ಪೂರ್ತಿಗೆ ರಿಜಿಸ್ಟ್ರಾರ್ ಜನರಲ್ ಕಚೇರಿಯೇ ಸಾವುಗಳನ್ನು ವಾಸಸ್ಥಳದ ಲೆಕ್ಕಕ್ಕೆ ಕ್ರಮವಾಗಿ ವರ್ಗಾಯಿಸತೊಡಗಿದ್ದು 1911ರಿಂದ. ಅದಕ್ಕೆ ಹಿಂದಿನ, ಲಂಡನ್ನಿನ ಹೊರಗಿನ ನಗರಗಳ ಅಂಕಿಗಳಲ್ಲಿ ಈ ಅನುಮಾನ ಇನ್ನೂ ಹೆಚ್ಚು ಬೇಕು.

ಎರಡನೆಯದು ವಯಸ್ಸು. ಆ ಕಾಲದ ನಗರಗಳಲ್ಲಿ ಶ್ವಾಸಕೋಶದ ಕ್ಷಯ ಮುಖ್ಯವಾಗಿ ದುಡಿಯುವ ವಯಸ್ಸಿನವರನ್ನು ಕೊಲ್ಲುತ್ತಿತ್ತು, ಹೆಂಗಸರಿಗಿಂತ ಗಂಡಸರನ್ನು ಹೆಚ್ಚಾಗಿ. ಒಂಟಿ ಗಂಡಸರು ತಂಗುವ ಲಾಡ್ಜಿಂಗ್ ಮನೆಗಳು ತುಂಬಿದ ಬರೋವನ್ನು ಮಕ್ಕಳೊಂದಿಗರ ಉಪನಗರದ ಜೊತೆ ಹಾಗೇ ತೂಗಿದರೆ ತಕ್ಕಡಿ ಮೊದಲೇ ವಾಲಿರುತ್ತದೆ. ವಯಸ್ಸು ಮತ್ತು ಲಿಂಗದ ಪ್ರಕಾರ ಸಾವುಗಳನ್ನು ಒಡೆದು ಕೊಟ್ಟಿದ್ದರೆ 15ರಿಂದ 65ರವರನ್ನು ಮಾತ್ರ ಹೋಲಿಸಿ.

ಮೂರನೆಯದು ಜನಸಂಖ್ಯೆ. 1901 ಮತ್ತು 1911ರ ನಡುವಿನ ವರ್ಷಗಳ ಜನಸಂಖ್ಯೆ ಅಂದಾಜು ಮಾತ್ರ. ನಡು ಲಂಡನ್ನಿನ ಬರೋಗಳಲ್ಲಿ ಮನೆಗಳು ಹೋಗಿ ಗೋದಾಮು, ಕಾರ್ಖಾನೆ ಬರುತ್ತಿದ್ದವು. ಫಿನ್ಸ್‌ಬರಿಯ ಜನ 1911ರ ಹೊತ್ತಿಗೆ 90,000ಕ್ಕಿಂತ ಕಡಿಮೆಯಾಗಿದ್ದರು. ಅಂದಾಜು ಹೆಚ್ಚಾಗಿದ್ದರೆ ಸಾವಿನ ಪ್ರಮಾಣ ಸುಳ್ಳೇ ಚೆನ್ನಾಗಿ ಕಾಣುತ್ತದೆ.

ಕೊನೆಯದು, ಸಣ್ಣ ಸಂಖ್ಯೆಗಳ ಚಂಚಲತೆ. ನೀವು ವಾರ್ಡು ಮಟ್ಟಕ್ಕೆ ಇಳಿದರೆ ಇದೇ ದೊಡ್ಡ ತೊಡಕು. 8,000 ಜನರ ವಾರ್ಡಿನಲ್ಲಿ ಒಂದು ವರ್ಷ 12 ಸಾವು ಎಂದರೆ ಪ್ರಮಾಣ 1.5. ಆದರೆ ಬರೀ ಆಕಸ್ಮಿಕದ ಏರಿಳಿತಕ್ಕೇ 12 ಎಂಬುದರ ಹಿಂದಿನ ನಿಜವಾದ ಸರಾಸರಿ 6ರಿಂದ 21ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅಂದರೆ ಪ್ರಮಾಣ 0.8ರಿಂದ 2.6. ಐದು ವರ್ಷದ ಸಾವುಗಳನ್ನು ಕೂಡಿಸಿ, 60 ಬಂತು ಎನ್ನಿ, ಆಗ ವ್ಯಾಪ್ತಿ ಸುಮಾರು 1.1ರಿಂದ 1.9ಕ್ಕೆ ಕಿರಿದಾಗುತ್ತದೆ. ಒಂದು ವರ್ಷದ ವಾರ್ಡು ಅಂಕಿ ನೋಡಿ ‘ಈ ಬೀದಿ ಶಾಪಗ್ರಸ್ತ’ ಎಂದು ಬರೆದವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಪ್ರಶ್ನೆ: 1906ರ ಒಂದು ಮರಣಪತ್ರದಲ್ಲಿ 34 ವರ್ಷದ ದರ್ಜಿಯೊಬ್ಬ ‘ಬ್ರಾಂಕೈಟಿಸ್, ಎಕ್ಸಾಸ್ಚನ್’ನಿಂದ (ಶ್ವಾಸನಾಳದ ಉರಿಯೂತ, ನಿತ್ರಾಣ) ಸತ್ತ ಎಂದಿದೆ. ಎರಡು ವರ್ಷ ಕೆಮ್ಮಿ ಸೊರಗಿ ಸತ್ತ ಎಂಬುದು ಬೇರೆ ದಾಖಲೆಯಿಂದ ಗೊತ್ತು. ಹೆಂಡತಿಯೂ ಮೂರು ವರ್ಷದೊಳಗೆ ತೀರಿಕೊಂಡಳು. ಇದು ಕ್ಷಯವೇ?

ಉತ್ತರ: ಬಹುಮಟ್ಟಿಗೆ ಹೌದು ಎನ್ನಬಹುದು, ಖಚಿತ ಎನ್ನಲಾಗದು. ಬ್ರಾಂಕೈಟಿಸ್ ಹಸುಗೂಸುಗಳನ್ನೂ ಮುದುಕರನ್ನೂ ಕೊಲ್ಲುವ ಕಾಯಿಲೆಯಾಗಿತ್ತು. 34ರ ಗಂಡಸಿಗೆ ಆ ಹೆಸರು ಬಂದಾಗ, ಅದರಲ್ಲೂ ಅದೇ ಮನೆಯಲ್ಲಿ ಇನ್ನೊಂದು ಸಾವು ಹಿಂಬಾಲಿಸಿದಾಗ, ಸಂಶಯ ಪಡಲೇಬೇಕು. ವೈದ್ಯರು ಮೆದುವಾದ ಹೆಸರು ಬರೆಯಲು ಕಾರಣಗಳಿದ್ದವು: ವಾರಕ್ಕೆ ಪೆನ್ನಿಗಳ ಲೆಕ್ಕದಲ್ಲಿ ಕಟ್ಟುತ್ತಿದ್ದ ಶವಸಂಸ್ಕಾರದ ವಿಮೆಯ ಹಣ ಎಲ್ಲಿ ತಪ್ಪುತ್ತದೋ ಎಂಬ ಭಯ, ಉಳಿದವರ ಕೆಲಸಕ್ಕೆ ಕುತ್ತು, ‘ಆ ಮನೆತನಕ್ಕೆ ಕ್ಷಯ ಇದೆ’ ಎಂಬ ಮಾತಿನ ಅಂಜಿಕೆ. ‘ಹೆಮಾಪ್ಟಿಸಿಸ್’ ಎಂದರೆ ಕೆಮ್ಮಿನಲ್ಲಿ ರಕ್ತ. ‘ಡಿಕ್ಲೈನ್’, ‘ಥೈಸಿಸ್’, ‘ಕನ್ಸಂಪ್ಷನ್’ ಮೂರೂ ಕ್ಷಯವೇ.

ಮಕ್ಕಳ ಪತ್ರಗಳಲ್ಲಿ ಎಚ್ಚರ ಇನ್ನೊಂದು ದಿಕ್ಕಿನಲ್ಲಿ ಬೇಕು. ‘ಟೇಬಿಸ್ ಮೆಸೆಂಟೆರಿಕಾ’ ಎಂಬುದು ಹೊಟ್ಟೆಯ ಗ್ರಂಥಿಗಳ ಕ್ಷಯಕ್ಕೆ ಇಟ್ಟ ಹೆಸರಾದರೂ, ಬೇಧಿಯಿಂದ ಬಡಕಲಾಗಿ ಸತ್ತ ಎಷ್ಟೋ ಕೂಸುಗಳಿಗೆ ಶವಪರೀಕ್ಷೆಯಿಲ್ಲದೆ ಅದನ್ನೇ ಅಂಟಿಸಿದ್ದುಂಟು. ‘ಅಕ್ಯೂಟ್ ಹೈಡ್ರೊಸಿಫಾಲಸ್’ ಮಾತ್ರ ಹೆಚ್ಚಾಗಿ ಕ್ಷಯದ ಮಿದುಳುಪೊರೆಯ ಉರಿಯೂತ.

ಕಸುಬನ್ನೂ ಬಿಡಬೇಡಿ. ಶೆಫೀಲ್ಡಿನ ಚಾಕು ಸಾಣೆಯವರ ‘ಗ್ರೈಂಡರ್ಸ್ ಥೈಸಿಸ್’ನಲ್ಲಿ ಕಲ್ಲಿನ ದೂಳಿನ ಗಾಯ ಎಷ್ಟು, ಕ್ಷಯ ಎಷ್ಟು ಎಂದು ಬೇರ್ಪಡಿಸುವುದು ಆಗ ಸಾಧ್ಯವಿರಲಿಲ್ಲ, ಎರಡೂ ಕೂಡಿಯೇ ಇರುತ್ತಿದ್ದವು. ದರ್ಜಿಗಳ ವಿಷಯ ಬೇರೆ: ಮುಚ್ಚಿದ ಕೋಣೆ, ಇಸ್ತ್ರಿಯ ಹಬೆ, ಹತ್ತಿರ ಹತ್ತಿರ ಕೂತು ಹೊಲಿಯುವ ಹತ್ತಾರು ಜನ. ಮರಣಪತ್ರದಲ್ಲಿ ಮಾಹಿತಿ ಕೊಟ್ಟವರ ವಿಳಾಸವೂ ಇರುತ್ತದೆ. ಸತ್ತದ್ದು ಆಸ್ಪತ್ರೆಯಲ್ಲಾದರೆ ಮನೆಯ ಗುರುತು ಹಿಡಿಯಲು ಆ ವಿಳಾಸವೇ ದಾರಿ.

ಪ್ರಶ್ನೆ: ಸಾಯುವ ಮೊದಲೇ ರೋಗಿ ಯಾರೆಂದು ನಗರಾಡಳಿತಕ್ಕೆ ಗೊತ್ತಾಗುತ್ತಿತ್ತೇ?

ಉತ್ತರ: ಬಹುಕಾಲ ಗೊತ್ತಾಗುತ್ತಿರಲಿಲ್ಲ. ಸಿಡುಬು, ಡಿಫ್ತೀರಿಯಾ, ಟೈಫಾಯ್ಡ್‌ಗಳನ್ನು ವೈದ್ಯರು ತಿಳಿಸಲೇಬೇಕೆಂಬ ಕಾನೂನು 1889ರಲ್ಲೇ ಬಂದಿದ್ದರೂ ಕ್ಷಯ ಆ ಪಟ್ಟಿಯಲ್ಲಿ ಇರಲಿಲ್ಲ. ತಿಂಗಳಲ್ಲಿ ಮುಗಿಯುವ ಕಾಯಿಲೆಗೆ ಹೊಂದುವ ನಿಯಮ ವರ್ಷಗಟ್ಟಲೆ ನಡೆಯುವ ಕಾಯಿಲೆಗೆ ಹೊಂದದು, ರೋಗಿ ಕೆಲಸ ಕಳೆದುಕೊಳ್ಳುತ್ತಾನೆ ಎಂಬುದು ಆಕ್ಷೇಪ. ಅದು ಪೊಳ್ಳು ಆಕ್ಷೇಪವೇನಲ್ಲ. ಬ್ರೈಟನ್ನಿನಲ್ಲಿ ಆರ್ಥರ್ ನ್ಯೂಸ್‌ಹೋಮ್, ಮ್ಯಾಂಚೆಸ್ಟರಿನಲ್ಲಿ ಜೇಮ್ಸ್ ನಿವೆನ್ ಎಂಬ ಆರೋಗ್ಯಾಧಿಕಾರಿಗಳು 1899ರಲ್ಲಿ ವೈದ್ಯರು ಸ್ವಇಚ್ಛೆಯಿಂದ ಸೂಚನೆ ಕೊಡುವ ಪದ್ಧತಿ ಶುರುಮಾಡಿದರು. ಶೆಫೀಲ್ಡ್ ತನ್ನದೇ ಸ್ಥಳೀಯ ಕಾಯಿದೆಯಿಂದ 1903ರಲ್ಲಿ ಅದನ್ನು ಕಡ್ಡಾಯ ಮಾಡಿಕೊಂಡಿತು. ದೇಶಕ್ಕೆಲ್ಲ ಕಡ್ಡಾಯವಾದದ್ದು ಮೆಟ್ಟಿಲು ಮೆಟ್ಟಿಲಾಗಿ: 1909ರ ಜನವರಿ 1ರಿಂದ ಬಡವರ ಕಾಯಿದೆಯಡಿ ಚಿಕಿತ್ಸೆ ಪಡೆಯುವವರು, 1911ರಲ್ಲಿ ಆಸ್ಪತ್ರೆಗಳ ರೋಗಿಗಳು, 1912ರ ಜನವರಿಯಿಂದ ಶ್ವಾಸಕೋಶದ ಕ್ಷಯದ ಎಲ್ಲರೂ, 1913ರ ಫೆಬ್ರವರಿಯಿಂದ ಬೇರೆ ಅಂಗಗಳ ಕ್ಷಯವೂ. 1908ರ ನಿಯಮಗಳಲ್ಲಿ ಒಂದು ಷರತ್ತು ಗಮನಾರ್ಹ: ಈ ಸೂಚನೆಯ ಆಧಾರದ ಮೇಲೆ ರೋಗಿಯ ಉದ್ಯೋಗಕ್ಕಾಗಲಿ ಸ್ವಾತಂತ್ರ್ಯಕ್ಕಾಗಲಿ ತಡೆ ಒಡ್ಡುವಂತಿಲ್ಲ. ಯಾರು ಮೊದಲು ಪಟ್ಟಿಗೆ ಬಿದ್ದರು ಎಂಬುದನ್ನೂ ಗಮನಿಸಿ. ಬಡವನ ಕಾಯಿಲೆ 1909ರಲ್ಲಿ ಕಚೇರಿಯ ಕಡತ ಸೇರಿತು. ಖಾಸಗಿ ವೈದ್ಯರ ಬಳಿ ಹೋಗುತ್ತಿದ್ದವರ ಗುಟ್ಟು ಇನ್ನೂ ಮೂರು ವರ್ಷ ಗುಟ್ಟಾಗಿಯೇ ಉಳಿಯಿತು.

ಹೀಗಾಗಿ 1909 ಮತ್ತು 1912ರಲ್ಲಿ ‘ಕ್ಷಯ ಏರಿತು’ ಎಂದು ಕಾಣುವ ಕೋಷ್ಟಕಗಳನ್ನು ನಂಬಬೇಡಿ. ಏರಿದ್ದು ಕಾಯಿಲೆಯಲ್ಲ, ಕಡತ.

ಪ್ರಶ್ನೆ: ರೋಗಿ ಸತ್ತ ಮೇಲೆ ಕೋಣೆಯನ್ನು ‘ಸೋಂಕು ಕಳೆದರು’ ಎಂದು ವರದಿಗಳಲ್ಲಿ ಬರುತ್ತದೆ. ನಿಜಕ್ಕೂ ಏನು ಮಾಡುತ್ತಿದ್ದರು? ಅದರಿಂದ ಉಪಯೋಗ ಆಯಿತೇ? (ನಿವೃತ್ತ ಆರೋಗ್ಯ ನಿರೀಕ್ಷಕರು)

ಉತ್ತರ: ಕೆಲಸ ಊರಿಂದೂರಿಗೆ ಬೇರೆ. ಹಳೆಯ ಪದ್ಧತಿ ಗಂಧಕದ ಹೊಗೆ. ಕಿಟಕಿಯ ಸಂದುಗಳಿಗೂ ಬಾಗಿಲಿಗೂ ಕಾಗದದ ಪಟ್ಟಿ ಅಂಟಿಸಿ, ಹೊಗೆಗೂಡಿನ ಬಾಯಿ ಮುಚ್ಚಿ, 1,000 ಘನ ಅಡಿಗೆ 3 ಪೌಂಡಿನಂತೆ ಗಂಧಕ ಉರಿಸಿ ಹಲವು ಗಂಟೆ ಬಿಡುವುದು. ಕೋಣೆಯ ಗಾಳಿ ಒಣಗಿದ್ದರೆ ಗಂಧಕದ ಅನಿಲ ಕೆಲಸ ಮಾಡದು, ನೀರಾವಿ ಬೇಕು. ಅದನ್ನು ಮರೆಯುವವರೇ ಹೆಚ್ಚು. ನೀರಾವಿ ಇದ್ದರೂ ಒಣಗಿದ ಕಫದೊಳಗಿನ ಕ್ಷಯದ ಕ್ರಿಮಿಯನ್ನು ತಲುಪುವುದು ಕಷ್ಟ. ಬಣ್ಣದ ಬಟ್ಟೆ ಬಿಳಿಚಿ, ಲೋಹದ ಸಾಮಾನು ಕಪ್ಪಾದದ್ದೇ ಬಂದ ಫಲ.

ಮ್ಯಾಂಚೆಸ್ಟರಿನಲ್ಲಿ ಕ್ರಿಮಿಶಾಸ್ತ್ರಜ್ಞ ಶೆರಿಡನ್ ಡೆಲೆಪೀನ್ ಪರೀಕ್ಷೆ ಮಾಡಿ ನೋಡಿ ಇನ್ನೊಂದು ದಾರಿ ಹಿಡಿದರು: ಹೊಗೆ ಬಿಟ್ಟು ದ್ರಾವಣದಿಂದ ತೊಳೆಯುವುದು. ಕ್ಲೋರಿನೇಟೆಡ್ ಲೈಮ್, ಎಂದರೆ ಬ್ಲೀಚಿಂಗ್ ಪೌಡರ್, ಸುಮಾರು 1 ಪಾಲು 100 ಪಾಲು ನೀರಿಗೆ. ಬಕೆಟ್ಟಿನ ಲೆಕ್ಕದಲ್ಲಿ 1 ಗ್ಯಾಲನ್ನಿಗೆ ಒಂದೂವರೆ ಔನ್ಸ್. ಇದರಿಂದ ಗೋಡೆ, ನೆಲ, ಮಂಚದ ಕಾಲು ಎಲ್ಲ ಒದ್ದೆಯಾಗುವಂತೆ ಬ್ರಶ್ ಹೊಡೆಯಬೇಕು. ಎಡವುವುದು ಎಲ್ಲೆಂದರೆ, ಡಬ್ಬಿ ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ; ಗೋಡೆಗೆ ಪದರದ ಮೇಲೆ ಪದರ ಅಂಟಿಸಿದ ವಾಲ್‌ಪೇಪರನ್ನು ಕಿತ್ತು ಹಾಕದೆ ಮೇಲೆ ಬಳಿದರೆ ಕಾಗದದ ಮೇಲ್ಮೈ ಮಾತ್ರ ಶುದ್ಧವಾಗುತ್ತದೆ. ಬೇರೆ ಕಡೆ ಫಾರ್ಮಲಿನ್ (ಫಾರ್ಮಾಲ್ಡಿಹೈಡ್ ದ್ರಾವಣ) ಸಿಂಪಡಿಸುತ್ತಿದ್ದರು. ಹಾಸಿಗೆ, ದಿಂಬು, ಕಂಬಳಿಗಳು ನಗರಾಡಳಿತದ ಗಾಡಿಯಲ್ಲಿ ಉಗಿಯಂತ್ರಕ್ಕೆ ಹೋಗುತ್ತಿದ್ದವು. ಬೂಟು, ಬೆಲ್ಟು, ತುಪ್ಪುಳಿನ ಬಟ್ಟೆಗಳನ್ನು ಉಗಿಗೆ ಹಾಕಿದರೆ ಸುರುಟಿ ಹಾಳಾಗುತ್ತವೆ, ಅವಕ್ಕೆ ಫಾರ್ಮಲಿನ್ನೇ ಗತಿ. ರಕ್ತದ ಕಲೆಯಿದ್ದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸದೆ ಉಗಿಗೆ ಕೊಟ್ಟರೆ ಕಲೆ ಶಾಶ್ವತ. ಇರುವುದೇ ಒಂದು ಜೊತೆ ಹೊದಿಕೆ ಎನ್ನುವ ಮನೆಯವರು ಗಾಡಿ ಬರುವ ಮೊದಲೇ ಅದನ್ನು ಮುಚ್ಚಿಟ್ಟರೆ ಆಶ್ಚರ್ಯವಿಲ್ಲ.

ಉಪಯೋಗದ ಮಾತು. ಅಂದಿನ ಅಧಿಕಾರಿಗಳ ನಂಬಿಕೆ ಕಾರ್ನೆಟ್ ಎಂಬ ಜರ್ಮನ್ ವೈದ್ಯನ ದೂಳಿನ ವಾದದ ಮೇಲೆ ನಿಂತಿತ್ತು: ಉಗುಳಿದ ಕಫ ಒಣಗಿ ದೂಳಾಗಿ ಉಸಿರಿನೊಳಗೆ ಹೋಗುತ್ತದೆ ಎಂದು. ಕೆಮ್ಮಿದಾಗ ಹಾರುವ ಹನಿಗಳೇ ಮುಖ್ಯ ಎಂದು ಇನ್ನೊಬ್ಬ ಜರ್ಮನ್ ವಿಜ್ಞಾನಿ ಫ್ಲುಗೆ 1897ರಲ್ಲಿ ಹೇಳಿದ್ದರೂ, ಗೋಡೆ ತೊಳೆಯುವ, ಉಗುಳಬೇಡಿ ಎಂಬ ಬೋರ್ಡು ಹಾಕುವ ಕೆಲಸಕ್ಕೆ ದೂಳಿನ ವಾದವೇ ಹೆಚ್ಚು ಹೊಂದುತ್ತಿತ್ತು. ಈಗ ನಮಗೆ ಗೊತ್ತಿರುವುದು, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುವ ಅತಿಸಣ್ಣ ಹನಿಗಳಿಂದಲೇ ಸೋಂಕು ಎಂಬುದು. ಆ ಮನೆಯವರು ರೋಗಿಯ ಜೊತೆ ಒಂದೇ ಕೋಣೆಯಲ್ಲಿ ಒಂದೆರಡು ವರ್ಷ ಮಲಗಿದ್ದಾಗಿದೆ. ಸತ್ತ ಮರುದಿನ ಗೋಡೆ ತೊಳೆಯುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಹಾಗೆಂದು ಎಲ್ಲವೂ ವ್ಯರ್ಥವಾಗಲಿಲ್ಲ. ತೊಳೆಯಲು ಹೋದ ಇನ್‌ಸ್ಪೆಕ್ಟರ್ ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ ಎಂದು ಎಣಿಸಿ ಬಂದ.

ಪ್ರಶ್ನೆ: ಎಣಿಸಿ? ಒಂದು ಕೋಣೆಗೆ ಇಷ್ಟೇ ಜನ ಎಂಬ ಕಾನೂನಿತ್ತೇ?

ಉತ್ತರ: ಇತ್ತು, ಗಾಳಿಯ ಘನ ಅಡಿಯ ಲೆಕ್ಕದಲ್ಲಿ. ಬಾಡಿಗೆಗೆ ಕೊಟ್ಟ ಕೋಣೆಗಳ ಬಗೆಗಿನ ಲಂಡನ್ನಿನ ಉಪವಿಧಿಗಳಲ್ಲಿ ಬರೀ ಮಲಗುವ ಕೋಣೆಗೆ ದೊಡ್ಡವರಿಗೆ ತಲಾ 300 ಘನ ಅಡಿ, 10 ವರ್ಷದೊಳಗಿನ ಮಗುವಿಗೆ 150. ಅಡುಗೆ, ಊಟ, ನಿದ್ದೆ ಎಲ್ಲ ಅಲ್ಲೇ ಆದರೆ 400 ಮತ್ತು 200.

ಲೆಕ್ಕ ಹಾಕಿ ನೋಡಿ. 12 ಅಡಿ ಉದ್ದ, 11 ಅಡಿ ಅಗಲ, ಎಂಟೂವರೆ ಅಡಿ ಎತ್ತರದ ಕೋಣೆಯಲ್ಲಿ 1,122 ಘನ ಅಡಿ. ವಾಸವೂ ನಿದ್ದೆಯೂ ಅಲ್ಲೇ ಎಂದರೆ ಗಂಡ, ಹೆಂಡತಿ, ಒಂದು ಮಗು: 400, 400, 200, ಒಟ್ಟು 1,000. ಎರಡನೇ ಮಗುವಿಗೆ ಜಾಗವಿಲ್ಲ. ಮಲಗುವ ಕೋಣೆ ಮಾತ್ರ ಎಂದು ಸಾಧಿಸಿದರೆ ಮೂವರು ದೊಡ್ಡವರು, ಒಂದು ಮಗು: 1,050. ಹಗಲಲ್ಲಿ ಹೋದರೆ ಉತ್ತರವೇ ಬೇರೆ ಸಿಗುವುದರಿಂದ ತಪಾಸಣೆ ರಾತ್ರಿ ನಡೆಯಬೇಕಿತ್ತು. ನೋಟಿಸು ಕೊಟ್ಟರೆ ಕುಟುಂಬ ಪಕ್ಕದ ಬೀದಿಯ ಅಷ್ಟೇ ಸಣ್ಣ ಕೋಣೆಗೆ ಸಾಗುತ್ತಿತ್ತು, ಕೆಮ್ಮನ್ನು ಹೊತ್ತುಕೊಂಡೇ. ಜನಗಣತಿಯವರ ಅಳತೆ ಇನ್ನೂ ಸಡಿಲ: ಕೋಣೆಗೆ ಇಬ್ಬರಿಗಿಂತ ಹೆಚ್ಚಾದರೆ ಮಾತ್ರ ಕಿಕ್ಕಿರಿದದ್ದು.

ಈ ಉಪವಿಧಿಯ ನಿಜವಾದ ಕೊರತೆ ಬೇರೆ. ಅದು ಗಾಳಿ ಎಷ್ಟಿದೆ ಎಂದು ಅಳೆಯಿತು, ಎಷ್ಟು ಬದಲಾಗುತ್ತದೆ ಎಂದು ಅಳೆಯಲಿಲ್ಲ. ಕಲ್ಲಿದ್ದಲಿಗೆ ಕಾಸಿಲ್ಲದ ಚಳಿಗಾಲದಲ್ಲಿ ಕಿಟಕಿಗೆ ಕಾಗದ ಅಂಟಿಸಿ, ಹೊಗೆಗೂಡಿಗೆ ಗೋಣಿ ತುರುಕಿದ 1,122 ಘನ ಅಡಿಯ ಕೋಣೆ ಕಾನೂನಿನ ಪ್ರಕಾರ ಸರಿಯಾಗಿದ್ದೂ ಸೋಂಕಿಗೆ ಹೇಳಿಮಾಡಿಸಿದ ಜಾಗ. ಫಿನ್ಸ್‌ಬರಿಯ ಆರೋಗ್ಯಾಧಿಕಾರಿಯಾಗಿದ್ದ ಜಾರ್ಜ್ ನ್ಯೂಮನ್ ಮಾಡಿದ ಒಳ್ಳೆಯ ಕೆಲಸವೆಂದರೆ ಸಾವುಗಳನ್ನು ಬೀದಿಯ ಬದಲು ಮನೆಯ ಕೋಣೆಗಳ ಸಂಖ್ಯೆಯ ಪ್ರಕಾರ ಜೋಡಿಸಿದ್ದು. ಒಂದೇ ಕೋಣೆಯ ಮನೆಗಳ ಸಾವಿನ ಪ್ರಮಾಣ ನಾಲ್ಕು ಅಥವಾ ಹೆಚ್ಚು ಕೋಣೆಯವುಗಳ ಹಲವು ಪಟ್ಟು ಇತ್ತು. ಇಲ್ಲೂ ಒಂದು ಮಾತು ಸೇರಿಸಬೇಕು: ಕಾಯಿಲೆಯಿಂದ ಸಂಬಳ ನಿಂತವರೇ ಒಂದು ಕೋಣೆಗೆ ಇಳಿಯುತ್ತಿದ್ದರು, ಹಾಗಾಗಿ ಕಾರಣ ಎರಡೂ ಕಡೆಯಿಂದ ಹರಿಯುತ್ತದೆ.

ಪ್ರಶ್ನೆ: ಎಕ್ಸ್‌ರೇ ಬಳಕೆ ಅಪರೂಪವಾಗಿದ್ದ ಕಾಲದಲ್ಲಿ ಕಫ ಪರೀಕ್ಷೆ ಹೇಗೆ ಮಾಡುತ್ತಿದ್ದರು? (ಲ್ಯಾಬ್ ತಂತ್ರಜ್ಞೆ)

ಉತ್ತರ: ನೀವು ಇಂದಿಗೂ ಕಲಿತಿರುವ ತ್ಸೀಲ್–ನೀಲ್ಸನ್ ವಿಧಾನವೇ. ಕಫದ ನೊರೆ ಬಿಟ್ಟು ಹಳದಿ, ಗಿಣ್ಣಿನಂಥ ಕಣ ಹುಡುಕಿ ಗಾಜಿನ ಮೇಲೆ ತೆಳ್ಳಗೆ ಹರಡಿ, ಒಣಗಿಸಿ, ಜ್ವಾಲೆಯ ಮೇಲೆ ಹಾಯಿಸುವುದು. ಕಾರ್ಬಾಲ್ ಫ್ಯೂಕ್ಸಿನ್ ಸುರಿದು, ಹಬೆ ಏಳುವಷ್ಟು ಬಿಸಿಮಾಡಿ 3ರಿಂದ 5 ನಿಮಿಷ. ಕುದಿಯಬಾರದು, ಒಣಗಲೂ ಬಾರದು. ಒಣಗಿದರೆ ಬಣ್ಣದ ಹರಳುಗಳು ಕಡ್ಡಿಗಳಂತೆ ಕಂಡು ಮೋಸವಾಗುತ್ತದೆ. ಆಮೇಲೆ 25 ಪ್ರತಿಶತ ಗಂಧಕಾಮ್ಲದಿಂದ ಬಣ್ಣ ಕಳೆದು, ತೊಳೆದು, ಮೆಥಿಲೀನ್ ಬ್ಲೂ. ಅಂಗುಲದ 12ನೇ ಒಂದರ ಆಯಿಲ್ ಇಮರ್ಶನ್ ಮಸೂರದಡಿ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು. ಹಾಲು, ಬೆಣ್ಣೆ, ಹುಲ್ಲು, ನಲ್ಲಿ ನೀರಿನಲ್ಲಿ ಸಿಗುವ ಕೆಲವು ನಿರಪಾಯ ಕ್ರಿಮಿಗಳೂ ಆಮ್ಲಕ್ಕೆ ಬಣ್ಣ ಬಿಡುವುದಿಲ್ಲ, ಆದ್ದರಿಂದ ತೊಳೆಯುವ ನೀರೂ ಶುದ್ಧವಿರಬೇಕು.

ಕಡ್ಡಿ ಕಂಡರೆ ಕ್ಷಯ. ಕಾಣದಿದ್ದರೆ ಏನನ್ನೂ ಹೇಳಲಾಗದು. ಒಂದು ಮಿಲಿಲೀಟರಿನಲ್ಲಿ 5,000ದಿಂದ 10,000 ಕ್ರಿಮಿಗಳಾದರೂ ಇಲ್ಲದಿದ್ದರೆ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಕೆಲವು ನಗರಾಡಳಿತಗಳು ವೈದ್ಯರಿಗೆ ಪುಕ್ಕಟೆ ಪರೀಕ್ಷೆ ಮಾಡಿಕೊಡುತ್ತಿದ್ದವು, ಬಂದ ಶೀಶೆಯಲ್ಲಿ ಬರೀ ಎಂಜಲು ಇದ್ದರೂ ಉತ್ತರ ‘ಇಲ್ಲ’ ಎಂದೇ ಹೋಗುತ್ತಿತ್ತು. ಆದರೆ ಇದೇ ಪರೀಕ್ಷೆಯಲ್ಲಿ ಸಿಕ್ಕಿಬೀಳುವವನೇ ಮನೆಯವರಿಗೆ ಅತಿ ಹೆಚ್ಚು ಅಪಾಯಕಾರಿ ರೋಗಿ ಎಂಬುದು ನಿಜ. ಉಪಕರಣ ಒರಟಾದರೂ ಗುರಿ ಸರಿಯಾಗಿತ್ತು.

ಪ್ರಶ್ನೆ: ಹಾಲಿನಿಂದಲೂ ಕ್ಷಯ ಬರುತ್ತಿತ್ತೇ?

ಉತ್ತರ: ಬರುತ್ತಿತ್ತು, ಮುಖ್ಯವಾಗಿ ಮಕ್ಕಳಿಗೆ, ಕತ್ತಿನ ಗ್ರಂಥಿ, ಹೊಟ್ಟೆ, ಮೂಳೆಗಳಲ್ಲಿ. 1901ರ ಜುಲೈನಲ್ಲಿ ಲಂಡನ್ನಿನ ಕ್ಷಯ ಸಮ್ಮೇಳನದಲ್ಲಿ ರಾಬರ್ಟ್ ಕಾಖ್ ದನದ ಕ್ಷಯ ಮನುಷ್ಯರಿಗೆ ಅಂಟುವುದು ತೀರ ಅಪರೂಪ, ತಡೆಯುವ ಏರ್ಪಾಡು ಬೇಡ ಎಂದುಬಿಟ್ಟರು. ಕ್ರಿಮಿಯನ್ನು ಕಂಡುಹಿಡಿದವರೇ ಹಾಗೆಂದ ಮೇಲೆ ಹಾಲಿನ ವ್ಯಾಪಾರಿಗಳಿಗೆ ನೆಮ್ಮದಿ. ಬ್ರಿಟಿಷ್ ಸರ್ಕಾರ ಅದೇ ವರ್ಷ ರಾಯಲ್ ಕಮಿಷನ್ ನೇಮಿಸಿತು. ಅದರ 1907ರ ಮಧ್ಯಂತರ ವರದಿ ಮತ್ತು 1911ರ ಅಂತಿಮ ವರದಿ ಕಾಖ್ ತಪ್ಪು ಎಂದು ತೋರಿಸಿದವು. ಮ್ಯಾಂಚೆಸ್ಟರ್ 1899ರಿಂದಲೇ ತನ್ನ ಊರಿಗೆ ಹಾಲು ಕಳಿಸುವ ಹೊರಗಿನ ಕೊಟ್ಟಿಗೆಗಳನ್ನು ಪರೀಕ್ಷಿಸುವ ಅಧಿಕಾರ ಪಡೆದಿತ್ತು. ತೊಡಕು ಪರೀಕ್ಷೆಯ ವೇಗದಲ್ಲಿ: ಹಾಲಿನ ಗಸಿಯನ್ನು ಗಿನಿಪಿಗ್‌ಗೆ ಚುಚ್ಚಿ ಗ್ರಂಥಿ ಬಾಯುವುದನ್ನು ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಆ ಹಾಲು ಕುಡಿದು ಮುಗಿದಿರುತ್ತದೆ, ಹಸು ಸಂತೆಯಲ್ಲಿ ಕೈ ಬದಲಿಸಿರುತ್ತದೆ. ಕೆಚ್ಚಲು ಕ್ಷಯದ ಹಸುವನ್ನು ಪರಿಹಾರ ಕೊಟ್ಟು ಕೊಲ್ಲುವ ಆದೇಶ ಬಂದದ್ದು 1913ರಲ್ಲಿ. ಹಾಲು ಕಾಯಿಸಿ ಕುಡಿಯಿರಿ ಎಂಬ ಒಂದೇ ಮಾತು ಇವೆಲ್ಲಕ್ಕಿಂತ ಅಗ್ಗವಾಗಿತ್ತು. ಆದರೆ ಹಸಿ ಹಾಲೇ ಪುಷ್ಟಿ ಎಂಬ ನಂಬಿಕೆ ವೈದ್ಯರಲ್ಲೂ ಗಟ್ಟಿಯಾಗಿತ್ತು.

ಪ್ರಶ್ನೆ: ಸ್ಯಾನಟೋರಿಯಂಗಳು (ಕ್ಷಯರೋಗಿಗಳ ಆರೋಗ್ಯಧಾಮಗಳು) ಬಡವರಿಗೆ ಯಾಕೆ ಒದಗಲಿಲ್ಲ?

ಉತ್ತರ: ಒದಗಿದವರಿಗೂ ಮೂರು ತಿಂಗಳು ಒದಗಿ, ಆಮೇಲೆ ಹಳೆಯ ಕೋಣೆಗೇ ಕಳಿಸಿದವು. ಬ್ರಾಂಪ್ಟನ್ ಆಸ್ಪತ್ರೆಯವರು 1904ರಲ್ಲಿ ಸರ್ರೆಯ ಫ್ರಿಮ್ಲಿಯಲ್ಲಿ ತೆರೆದದ್ದನ್ನು ನೋಡಿ. ಅಲ್ಲಿನ ಮಾರ್ಕಸ್ ಪ್ಯಾಟರ್ಸನ್ ದುಡಿಯುವ ರೋಗಿ ದುಡಿಮೆಗೇ ಮರಳಬೇಕೆಂದು ಶ್ರಮದ ಮೆಟ್ಟಿಲು ಕಟ್ಟಿದರು: ಮೊದಲು ನಡಿಗೆ, ಅರ್ಧ ಮೈಲಿಯಿಂದ ದಿನಕ್ಕೆ 10 ಮೈಲಿವರೆಗೆ, ಆಮೇಲೆ ಬುಟ್ಟಿಯಲ್ಲಿ ಮಣ್ಣು ಹೊರುವುದು, ಸಣ್ಣ ಸಲಿಕೆ, ದೊಡ್ಡ ಸಲಿಕೆ, ಕೊನೆಗೆ ಗುದ್ದಲಿ. ಜ್ವರ 99 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮತ್ತೆ ಹಾಸಿಗೆ. ಇದು ತಾಳಿಕೊಳ್ಳಬಲ್ಲವರನ್ನು ಆರಿಸಿಯೇ ಸೇರಿಸಿಕೊಳ್ಳುತ್ತಿದ್ದರು. ಹಾಗಾಗಿ ಸ್ಯಾನಟೋರಿಯಂಗಳ ‘ಗುಣವಾದವರ’ ಅಂಕಿಯಲ್ಲಿ ಆಯ್ಕೆಯ ಪಾಲು ದೊಡ್ಡದು. ಹೆಚ್ಚು ಕೆಮ್ಮುವವರು, ಹೆಚ್ಚು ಹರಡುವವರು ಹೊರಗೇ ಉಳಿದರು.

ದುಡ್ಡಿನ ಕಡೆ ಬನ್ನಿ. ಐವರ ಕುಟುಂಬ ಬರೀ ದೇಹ ಹಿಡಿದಿಡಲು ವಾರಕ್ಕೆ 21 ಶಿಲಿಂಗ್ 8 ಪೆನ್ಸ್ (12 ಪೆನ್ಸಿಗೆ 1 ಶಿಲಿಂಗ್) ಬೇಕೆಂದು ಬಡತನದ ಸಮೀಕ್ಷೆ ಮಾಡಿದ ಸೀಬೋಮ್ ರೌಂಟ್ರಿ 1901ರಲ್ಲಿ ಯಾರ್ಕ್ ನಗರಕ್ಕೆ ಲೆಕ್ಕ ಹಾಕಿದ್ದರು. ರೋಗಿಗೆ ದಿನಕ್ಕೆ 3 ಪೈಂಟ್ ಹಾಲು ಎಂದು ವೈದ್ಯ ಬರೆದುಕೊಟ್ಟರೆ, ಪೈಂಟಿಗೆ 2 ಪೆನ್ನಿಯಂತೆ ವಾರಕ್ಕೆ 3 ಶಿಲಿಂಗ್ 6 ಪೆನ್ಸ್ ಆಯಿತು, ಆ ಬಡಕಲು ಬಜೆಟ್ಟಿನ ಆರನೇ ಒಂದು ಭಾಗ. 1911ರ ರಾಷ್ಟ್ರೀಯ ವಿಮಾ ಕಾಯಿದೆಯಿಂದ, ವಾರಕ್ಕೆ ಕಾರ್ಮಿಕನ 4, ಮಾಲೀಕನ 3, ಸರ್ಕಾರದ 2 ಪೆನ್ನಿ ಕೂಡಿ, 1912ರ ಜುಲೈನಿಂದ ಸ್ಯಾನಟೋರಿಯಂ ಸೌಲಭ್ಯ ಸಿಕ್ಕಿತು. ಹಕ್ಕು ವಿಮೆ ಕಟ್ಟಿದವನದು. ಮನೆಯಲ್ಲಿ ಅವನನ್ನು ನೋಡಿಕೊಂಡು ಸೋಂಕು ಹಚ್ಚಿಕೊಂಡ ಹೆಂಡತಿ, ಮಕ್ಕಳಿಗೆ ಅಂಥ ಹಕ್ಕಿರಲಿಲ್ಲ.

ಎಡಿನ್‌ಬರೋದಲ್ಲಿ ರಾಬರ್ಟ್ ಫಿಲಿಪ್ 1887ರಲ್ಲೇ ತೆರೆದ ಕ್ಷಯದ ಡಿಸ್ಪೆನ್ಸರಿ ಇದಕ್ಕಿಂತ ಜಾಣ ಏರ್ಪಾಡು. ಒಬ್ಬ ರೋಗಿ ಬಂದರೆ ನರ್ಸ್ ಮನೆಗೆ ಹೋಗುತ್ತಾಳೆ, ಕೋಣೆ, ಕಿಟಕಿ, ಮಲಗುವವರ ಸಂಖ್ಯೆ ಬರೆದುಕೊಳ್ಳುತ್ತಾಳೆ, ಮನೆಯವರನ್ನೆಲ್ಲ ಕರೆಸಿ ಎದೆ ಪರೀಕ್ಷೆ ಮಾಡುತ್ತಾರೆ. ಲಂಡನ್ನಿನಲ್ಲಿ ಇದರ ಮಾದರಿ 1909ರಲ್ಲಿ ಪ್ಯಾಡಿಂಗ್ಟನ್ನಿಗೆ ಬಂತು.

ಪ್ರಶ್ನೆ: ಚುಟುಕಾಗಿ: ಆಗ ಬಿಸಿಜಿ ಲಸಿಕೆ ಇತ್ತೇ? ಔಷಧಿ? ಜೇಬಿನ ಪೀಕದಾನಿ ನಿಜವೇ?

ಉತ್ತರ: ಬಿಸಿಜಿಯನ್ನು ಮನುಷ್ಯರಿಗೆ ಮೊದಲು ಕೊಟ್ಟದ್ದು 1921ರಲ್ಲಿ, ಸ್ಟ್ರೆಪ್ಟೊಮೈಸಿನ್ 1940ರ ದಶಕದ್ದು. ಅಂಗಡಿಯಲ್ಲಿ ಮಾರುತ್ತಿದ್ದ ‘ಕ್ಷಯನಿವಾರಕ’ ಶೀಶೆಗಳ ಒಳಗೇನಿದೆ ಎಂದು ಬ್ರಿಟಿಷ್ ವೈದ್ಯ ಸಂಘ 1909ರಲ್ಲಿ ವಿಶ್ಲೇಷಿಸಿ ಪ್ರಕಟಿಸಿತು; ಕ್ಷಯ ಗುಣಪಡಿಸುವ ವಸ್ತು ಯಾವುದರಲ್ಲೂ ಇರಲಿಲ್ಲ. ಪೀಕದಾನಿ ನಿಜ, ಡೆಟ್‌ವೈಲರ್ ರೂಪಿಸಿದ ನೀಲಿ ಗಾಜಿನ ಮುಚ್ಚಳದ ಶೀಶೆ. ನಾಲ್ಕು ಜನರೆದುರು ಅದನ್ನು ತೆಗೆದರೆ ರೋಗ ಸಾರಿದಂತೆಯೇ, ಆದ್ದರಿಂದ ಕರವಸ್ತ್ರವೇ ಗೆದ್ದಿತು.

ಪ್ರಶ್ನೆ: ಇಷ್ಟೆಲ್ಲ ಮಾಡಿದ್ದರಿಂದಲೇ ಸಾವು ಇಳಿಯಿತೇ?

ಉತ್ತರ: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶ್ವಾಸಕೋಶದ ಕ್ಷಯದ ಸಾವು 1850ರ ದಶಕದಲ್ಲಿ ಸಾವಿರಕ್ಕೆ ಎರಡೂವರೆಗಿಂತ ಹೆಚ್ಚಿತ್ತು, 1901ರಲ್ಲಿ ಸುಮಾರು 1.3, 1911ರಲ್ಲಿ ಸುಮಾರು 1.1. ಅಂದರೆ ಕಾಖ್ 1882ರಲ್ಲಿ ಕ್ರಿಮಿ ಕಾಣುವ ಮೊದಲೇ ಇಳಿತ ನಡೆದಿತ್ತು. ಇಳಿತಕ್ಕೆ ಕಾರಣ ವಂಶಗುಣವೆಂದರು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್‌ಸನ್. ನ್ಯೂಸ್‌ಹೋಮ್ ಬೇರೆಯದನ್ನು ಹಿಡಿದರು: ಬಡವರು ಕೊನೆಯ ದಿನಗಳನ್ನು ಮನೆಯ ಬದಲು ವರ್ಕ್‌ಹೌಸ್ ಆಸ್ಪತ್ರೆಯಲ್ಲಿ ಕಳೆಯತೊಡಗಿದ್ದರಿಂದ, ಹೆಚ್ಚು ಕೆಮ್ಮುವ ರೋಗಿ ಕಿಕ್ಕಿರಿದ ಕೋಣೆಯಿಂದ ಹೊರಬಿದ್ದ ಎಂದು. ಆಹಾರ ಮತ್ತು ಕೂಲಿ ಸುಧಾರಿಸಿದ್ದೇ ಕಾರಣವೆಂದು ಬಹಳ ಆಮೇಲೆ ವೈದ್ಯ ಥಾಮಸ್ ಮೆಕ್ಯೂನ್ ವಾದಿಸಿದರು. ಆ ಜಗಳ ಇನ್ನೂ ಮುಗಿದಿಲ್ಲ. ನಮ್ಮ ಒಲವು ನ್ಯೂಸ್‌ಹೋಮ್ ಕಡೆಗೆ ಸ್ವಲ್ಪ ಹೆಚ್ಚು, ಏಕೆಂದರೆ ಸೋಂಕು ಹೇಗೆ ಹರಡುತ್ತದೆ ಎಂದು ಈಗ ತಿಳಿದಿರುವುದಕ್ಕೆ ಅದು ಹೊಂದುತ್ತದೆ. ಜನ ಹೆದರುತ್ತಿದ್ದ, ಯಾರೂ ಹೊಗಳದ ಆ ಆಸ್ಪತ್ರೆಗಳು ಮಾದರಿ ಸ್ಯಾನಟೋರಿಯಂಗಳಿಗಿಂತ ಹೆಚ್ಚು ಜನರನ್ನು ಸೋಂಕಿನಿಂದ ಉಳಿಸಿರಬಹುದು.

ಪ್ರಶ್ನೆ: ಒಂದು ಬೀದಿಯ ಸಾವುಗಳನ್ನು ನಕ್ಷೆಯ ಮೇಲೆ ಗುರುತಿಸಬೇಕೆಂದಿದ್ದೇನೆ. ಎಲ್ಲಿಂದ ಶುರುಮಾಡಲಿ?

ಉತ್ತರ: ಲಂಡನ್ ಆರೋಗ್ಯಾಧಿಕಾರಿಗಳ ವರದಿಗಳನ್ನು ವೆಲ್‌ಕಮ್ ಗ್ರಂಥಾಲಯ ಸ್ಕ್ಯಾನ್ ಮಾಡಿ ಪುಕ್ಕಟೆಯಾಗಿ ಇಟ್ಟಿದೆ. ಅದರಿಂದ ವಾರ್ಡು, ಕೆಲವೊಮ್ಮೆ ಬೀದಿಯ ಹೆಸರು ಸಿಗುತ್ತದೆ. ಆಮೇಲೆ ಜನಗಣತಿಗೆ ಹೋಗಿ. 1901ರದ್ದರಲ್ಲಿ ಐದಕ್ಕಿಂತ ಕಡಿಮೆ ಕೋಣೆಯ ಮನೆಗಳಿಗೆ ಮಾತ್ರ ಕೋಣೆಗಳ ಸಂಖ್ಯೆ ಬರೆದಿದ್ದಾರೆ, ಆ ಅಂಕಣ ಖಾಲಿಯಿದ್ದರೆ ಐದು ಅಥವಾ ಹೆಚ್ಚು ಎಂದರ್ಥ, ಮಾಹಿತಿ ಇಲ್ಲವೆಂದಲ್ಲ. 1911ರದ್ದರಲ್ಲಿ ಎಲ್ಲ ಮನೆಗಳಿಗೂ ಇದೆ, ಅದೂ ಮನೆಯ ಯಜಮಾನನ ಕೈಬರಹದಲ್ಲಿ. ಅಡುಗೆಮನೆಯನ್ನೂ ಕೋಣೆಯೆಂದು ಎಣಿಸಿದೆ, ಹೋಲಿಸುವಾಗ ನೆನಪಿರಲಿ. ಪ್ರತಿ ಸಾವಿಗೆ ಒಂದು ಸಾಲು ಮಾಡಿ: ತಾರೀಖು, ವಯಸ್ಸು, ಕಸುಬು, ಸತ್ತ ಜಾಗ, ಮನೆಯ ವಿಳಾಸ, ಮಹಡಿ, ಕೋಣೆ, ಮನೆಯಲ್ಲಿದ್ದವರು. ಬೀದಿಗಳ ಹೆಸರೂ ಮನೆಗಳ ಸಂಖ್ಯೆಯೂ ಆ ದಶಕಗಳಲ್ಲಿ ಬದಲಾಗಿರುತ್ತವೆ, ಆದ್ದರಿಂದ ಆ ವರ್ಷಕ್ಕೆ ಹತ್ತಿರದ ನಕ್ಷೆಯನ್ನೇ ಹಿಡಿಯಿರಿ. ಲಾಡ್ಜಿಂಗ್ ಮನೆಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಅಲ್ಲಿ ಸತ್ತವನು ಸೋಂಕು ಹಚ್ಚಿಕೊಂಡದ್ದು ಬಹುಶಃ ಬೇರೆಲ್ಲೋ, ವರ್ಷಗಳ ಹಿಂದೆ. ಬಾಡಿಗೆಯವರು ಆಗಾಗ ಮನೆ ಬದಲಿಸುತ್ತಿದ್ದುದರಿಂದ ಇದೇ ಮಾತು ಉಳಿದ ಚುಕ್ಕೆಗಳಿಗೂ ಸ್ವಲ್ಪ ಮಟ್ಟಿಗೆ ಅನ್ವಯಿಸುತ್ತದೆ.